ಸಹಾಯ ಬೇಕು: ತೊಡೆದೇವು ಮುರಿಯದೆ ಮ್ಯೂನಿಕ್‌ವರೆಗೆ ಒಯ್ಯೋದು ಹೇಗೆ?

ನಮಸ್ಕಾರ. ಶಿರಸಿ ಹತ್ತಿರದವನು. 3 ವರ್ಷದಿಂದ ಜರ್ಮನಿಯ ಮ್ಯೂನಿಕ್‌ನಲ್ಲಿ ಕೆಲಸ, ಮುಂದಿನ ತಿಂಗಳು ಮುಗಿಸಿ ಬರ್ತಾ ಇದ್ದೇನೆ. ಈಗ ರಜೆಗೆ ಮನೆಗೆ ಬಂದಿದ್ದು.

ಅಲ್ಲಿನ ಪದ್ಧತಿ ನಮ್ಮದಕ್ಕೆ ಉಲ್ಟಾ. ಕೆಲಸ ಬಿಟ್ಟು ಹೋಗುವವನೇ ತಿಂಡಿ ತಂದು ಎಲ್ಲರಿಗೂ ಹಂಚಬೇಕು, 'ಔಸ್‌ಷ್ಟಾಂಡ್' ಅಂತಾರೆ. ಕೇಕ್ ಆದರೂ ನಡೆಯುತ್ತೆ. ಆದರೆ ಮೊದಲ ಚಳಿಗಾಲದಲ್ಲಿ ತಮ್ಮ ಜಾಕೆಟ್ಟನ್ನೇ ಬಿಚ್ಚಿ ಕೊಟ್ಟವರಿಗೆ ಅಂಗಡಿ ಕೇಕ್ ಕೊಟ್ಟು ಬರೋಕೆ ಮನಸ್ಸಿಲ್ಲ. ಆಯಿ ಮಡಕೆ ಬೋರಲು ಹಾಕಿ ತೊಡೆದೇವು (ಬಿಸಿ ಮಡಕೆ ಮೇಲೆ ಅಕ್ಕಿ-ಬೆಲ್ಲದ ಹಿಟ್ಟು ತೆಳುವಾಗಿ ಸವರಿ ಮಾಡುವ ನಮ್ಮ ಕಡೆಯ ಗರಿಗರಿ ಸಿಹಿ) ಮಾಡಿಕೊಡ್ತೇನೆ ಅಂದಿದ್ದಾಳೆ.

ತೊಂದರೆ ಏನಂದ್ರೆ, ಅದು ಕಾಗದದಷ್ಟು ತೆಳು. ಸ್ಟೀಲ್ ಡಬ್ಬಿಯಲ್ಲಿ ಹಾಕಿ ರಾತ್ರಿ ಬಸ್ಸಿಗೆ ಬೆಂಗಳೂರಿನ ಅಕ್ಕನ ಮನೆಗೆ ಕಳಿಸಿ ನೋಡಿದೆ. ಪುಡಿ ಪುಡಿ! (ಭಾವ ಹಾಲು ಹಾಕಿಕೊಂಡು ತಿಂದರಂತೆ.) ರಟ್ಟಿನ ಪೆಟ್ಟಿಗೆಯಲ್ಲಿ ನಡುನಡುವೆ ಬಟರ್ ಪೇಪರ್ ಇಟ್ಟಾಗ ಅಂಚಷ್ಟೇ ಮುರೀತು, ಆದರೆ ಎರಡನೇ ದಿನಕ್ಕೆ ಮೆತ್ತಗೆ.

ಮೇಲಿಂದ, ಹಾಲು-ತುಪ್ಪ ಯುರೋಪಿಗೆ ಒಯ್ಯುವಂತಿಲ್ಲ. ಮಡಕೆಗೆ ತುಪ್ಪದ ಬದಲು ಎಣ್ಣೆ ಸವರು ಅಂದ್ರೆ ಆಯಿ ಕೇಳೋದಿಲ್ಲ.

ವಿಮಾನದಲ್ಲಿ ಒಯ್ದವರು ಯಾರಾದರೂ ಇದ್ದರೆ ಹೇಳಿ: 30 ತೊಡೆದೇವು ಮುರಿಯದೆ, ಮೆತ್ತಗಾಗದೆ ಹೋಗಲು ಯಾವುದರಲ್ಲಿ, ಹೇಗೆ ತುಂಬಬೇಕು? ಎಣ್ಣೆ ಸವರಿದರೂ ಮಡಕೆಯಿಂದ ಸರಿಯಾಗಿ ಏಳ್ತದಾ?