ಗ್ಯಾದರಿಂಗಿನ ಒಂದೇ ದಿನಕ್ಕೆ ವರ್ಷದ ಚಟುವಟಿಕೆಯೆಲ್ಲ ಮುಗಿದುಹೋಗಬೇಕೇ?

ಪ್ರಶ್ನೆ: ಶಿಕ್ಷಕಿ, ಕುಕನೂರು ತಾಲೂಕು

ಎಲ್ಲರಿಗೂ ನಮಸ್ಕಾರ. ಕೊಪ್ಪಳ ಜಿಲ್ಲೆಯ ಕುಕನೂರು ತಾಲೂಕಿನ ಹಳ್ಳಿಯೊಂದರ ಖಾಸಗಿ ಶಾಲೆಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ಒಂದರಿಂದ ಎಂಟನೇ ತರಗತಿಯವರೆಗೆ 164 ಮಕ್ಕಳಿದ್ದಾರೆ. ನಾವು ಒಂಬತ್ತು ಜನ ಶಿಕ್ಷಕರು. ದೈಹಿಕ ಶಿಕ್ಷಕರಾಗಲಿ ಸಂಗೀತ ಶಿಕ್ಷಕರಾಗಲಿ ನಮ್ಮಲ್ಲಿಲ್ಲ.

ಪಾಠದ ಹೊರಗೆ ನಮ್ಮ ಶಾಲೆಯಲ್ಲಿ ಏನಾದರೂ ನಡೆಯುತ್ತದೆಂದರೆ ಅದು ಫೆಬ್ರುವರಿಯ ಗ್ಯಾದರಿಂಗ್, ಅಂದರೆ ಶಾಲಾ ವಾರ್ಷಿಕೋತ್ಸವ ಒಂದೇ. ಅದಕ್ಕೆ ಆರು ವಾರ ತಾಲೀಮು ಮಾಡಿಸುತ್ತೇವೆ. ಹೆಜ್ಜೆ ಕಲಿಸುವವರು ಪಟ್ಟಣದಿಂದ ಬರುತ್ತಾರೆ, ಹಾಡನ್ನೂ ಅವರೇ ಆರಿಸುತ್ತಾರೆ, ಬಾಡಿಗೆ ವೇಷಭೂಷಣದ ಹಣವನ್ನು ಪಾಲಕರು ಕೊಡಬೇಕಾಗುತ್ತದೆ. ಕಳೆದ ವರ್ಷ ಒಂದು ಮಗುವಿಗೆ 650 ರೂಪಾಯಿ ನಿಗದಿಯಾಯಿತು. ಐದನೇ ತರಗತಿಯ ಹುಡುಗಿಯೊಬ್ಬಳು ಮೊದಲ ಮೂರು ವಾರ ಎಲ್ಲರಿಗಿಂತ ಮುಂದೆ ನಿಂತು ಕುಣಿದಿದ್ದಳು. ಹಣದ ಮಾತು ಬಂದ ಮರುದಿನದಿಂದ ತಾಲೀಮಿಗೆ ಬರಲಿಲ್ಲ. ಕಾರ್ಯಕ್ರಮದ ರಾತ್ರಿ ತಂಗಿಯನ್ನು ಸೊಂಟದ ಮೇಲೆ ಎತ್ತಿಕೊಂಡು ಶಾಮಿಯಾನದ ಕಂಬದ ಹತ್ತಿರ ನಿಂತು ನೋಡುತ್ತಿದ್ದಳು. ನಾನು ಅವಳನ್ನು ಕಂಡೆ, ಕಂಡೂ ನಿರೂಪಣೆ ಮುಂದುವರಿಸಿದೆ. ಅದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಚಟುವಟಿಕೆಗಳನ್ನು ವರ್ಷದುದ್ದಕ್ಕೂ ಹರಡಿ, ಪ್ರತಿ ಮಗುವಿಗೂ ಪಾಲು ಸಿಗುವಂತೆ, ಪಾಲಕರ ಮೇಲೆ ಖರ್ಚು ಹೇರದೆ ನಡೆಸಿದ ಸಣ್ಣ ಶಾಲೆಗಳು ನಮ್ಮ ಭಾಗದಲ್ಲಿ ಇವೆಯೇ? ಗ್ಯಾದರಿಂಗ್ ನೋಡಿಯೇ ಹೊಸ ಮಕ್ಕಳು ಸೇರುತ್ತಾರೆಂಬುದು ಆಡಳಿತ ಮಂಡಳಿಯ ವಾದ. ಅದನ್ನೂ ನಾನು ತಳ್ಳಿಹಾಕುವಂತಿಲ್ಲ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ: ಕನ್ನಡ ಶಿಕ್ಷಕ, ಸಿಂಧನೂರು

ಮೇಡಂ, ನಮ್ಮದೂ ಇಷ್ಟೇ ಗಾತ್ರದ ಶಾಲೆ. ನಾಲ್ಕು ವರ್ಷಗಳ ಹಿಂದೆ ಬಾಡಿಗೆ ವೇಷವನ್ನು ಸಂಪೂರ್ಣವಾಗಿ ನಿಲ್ಲಿಸಿದೆವು. ಅಮ್ಮನ ಇಳಕಲ್ ಸೀರೆ, ಅಜ್ಜನ ಧೋತರ ಮತ್ತು ಪಟಗ, ಮನೆಯಲ್ಲಿರುವ ಕಂಬಳಿ, ಇಷ್ಟರಲ್ಲೇ ವೇಷ ಮುಗಿಯಬೇಕೆಂದು ನಿಯಮ ಮಾಡಿಕೊಂಡೆವು. ಮೊದಲ ವರ್ಷ ವೇದಿಕೆ ಸಪ್ಪೆಯಾಗಿ ಕಂಡಿತು, ಕೆಲವು ಪಾಲಕರು ನೇರವಾಗಿಯೇ ಹಾಗೆಂದರು. ಆಗ ನಮಗೆ ಅರ್ಥವಾದದ್ದೇನೆಂದರೆ, ಬದಲಾಗಬೇಕಾದದ್ದು ಬಟ್ಟೆಯೊಂದೇ ಅಲ್ಲ, ಮಕ್ಕಳು ವೇದಿಕೆಯ ಮೇಲೆ ಏನನ್ನು ತರುತ್ತಾರೆಂಬುದೇ ಬದಲಾಗಬೇಕು.

ಮರುವರ್ಷ ಜುಲೈನಿಂದಲೇ ಆರಂಭಿಸಿದೆವು. ಆರು ಮತ್ತು ಏಳನೇ ತರಗತಿಯ ಮಕ್ಕಳಿಗೆ ತಮ್ಮ ಓಣಿಯ ಹಿರಿಯ ಹೆಣ್ಣುಮಕ್ಕಳಿಂದ ಬೀಸುವ ಕಲ್ಲಿನ ಪದ, ಸೋಬಾನೆ ಪದಗಳನ್ನು ಕೇಳಿ ಬರೆದುಕೊಂಡು ಬರಲು ಹೇಳಿದೆವು. ಒಬ್ಬ ಹುಡುಗ ತನ್ನ ಅಜ್ಜಿಯ ಬಾಯಿಂದಲೇ ಹದಿನಾಲ್ಕು ಪದ ಬರೆದು ತಂದ. ಆ ಅಜ್ಜಿಗೆ ಅಷ್ಟು ಪದ ಬರುತ್ತವೆಂದು ಮನೆಯವರಿಗೂ ಗೊತ್ತಿರಲಿಲ್ಲ. ಬಳಿಕ ಅವರನ್ನು ಒಂದು ಶನಿವಾರ ಶಾಲೆಗೆ ಕರೆದೆವು. ಇನ್ನು ಮೊಹರಂನಲ್ಲಿ ಬೆಂಕಿಗುಂಡಿಯ ಸುತ್ತ ಕುಣಿಯುವ ಅಲಾಯಿ ಹೆಜ್ಜೆಯನ್ನು ನಮ್ಮ ಊರುಗಳಲ್ಲಿ ಹಿಂದೂ ಮುಸ್ಲಿಂ ಎನ್ನದೆ ಎಲ್ಲ ಹುಡುಗರೂ ಹಾಕುತ್ತಾರೆ. ಅದನ್ನು ಕಲಿಸಲು ಪಟ್ಟಣದಿಂದ ಯಾರೂ ಬರಬೇಕಿಲ್ಲ, ಎಂಟನೇ ತರಗತಿಯವರು ನಾಲ್ಕನೇ ತರಗತಿಯವರಿಗೆ ಕಲಿಸಿದರು. ಈಗ ನಮ್ಮ ಗ್ಯಾದರಿಂಗ್‌ನಲ್ಲಿ ತರಗತಿಗೊಂದು ಪ್ರದರ್ಶನ. ಆ ತರಗತಿಯ ಪ್ರತಿ ಮಗುವೂ ಅದರಲ್ಲಿ ಇರಲೇಬೇಕು. ಕುಣಿಯಲು ನಾಚುವವರು ಹಲಗೆ ಬಾರಿಸುತ್ತಾರೆ, ಪರದೆ ಎಳೆಯುತ್ತಾರೆ, ನಿರೂಪಣೆ ಓದುತ್ತಾರೆ.

ಸಮಯವನ್ನು ಎಲ್ಲಿಂದ ತರುವುದು ಎಂದು ನಿಮ್ಮ ಸಹೋದ್ಯೋಗಿಗಳು ಕೇಳಿಯೇ ಕೇಳುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ತಿಂಗಳಿಗೊಮ್ಮೆ ಚೀಲವಿಲ್ಲದೆ ಬರುವ ಸಂಭ್ರಮ ಶನಿವಾರವಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯ ಮಕ್ಕಳಿಗೆ ಹತ್ತು ದಿನಗಳ ಚೀಲರಹಿತ ಅವಧಿಯನ್ನು ಸೂಚಿಸಿದೆ. ಆಡಳಿತ ಮಂಡಳಿಯ ಮುಂದೆ ಇವನ್ನಿಟ್ಟು ಮಾತನಾಡಿದರೆ ಒಪ್ಪಿಗೆ ಸುಲಭವಾಗುತ್ತದೆ. ಆದರೆ ಒಂಬತ್ತೇ ಜನ ಇದ್ದೀರಿ, ಎಲ್ಲವನ್ನೂ ಒಮ್ಮೆಲೇ ಆರಂಭಿಸಬೇಡಿ. ನಾವು ಸ್ಕೌಟ್, ಚದುರಂಗ, ಕೈತೋಟ ಮೂರನ್ನೂ ಒಂದೇ ವರ್ಷ ಹಿಡಿದು, ದೀಪಾವಳಿ ಹೊತ್ತಿಗೆ ಮೂರನ್ನೂ ಬಿಟ್ಟೆವು.

ಉತ್ತರ: ಪಾಲಕಿ, ಬಳ್ಳಾರಿ

ನಾನು ಶಿಕ್ಷಕಿಯಲ್ಲ, ಇಬ್ಬರು ಮಕ್ಕಳ ತಾಯಿ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತೇನೆ. ದಯವಿಟ್ಟು ಗ್ಯಾದರಿಂಗ್ ನಿಲ್ಲಿಸಬೇಡಿ ಎಂದು ಮೊದಲು ಕೇಳಿಕೊಳ್ಳುತ್ತೇನೆ. ದಿನಗೂಲಿ ಬಿಟ್ಟು ನಾವು ಶಾಲೆಯ ಒಳಗೆ ಬಂದು ಕೂರುವುದು ವರ್ಷದಲ್ಲಿ ಅದೊಂದೇ ದಿನ. ಪಾಲಕರ ಸಭೆಗೆ ಕರೆದರೆ ಶುಲ್ಕದ ಬಾಕಿ ಕೇಳುತ್ತಾರೆಂಬ ಅಂಜಿಕೆಯಿಂದ ಅರ್ಧ ಜನ ಬರುವುದಿಲ್ಲ.

ಆದರೆ ಒಂದು ಮಾತು ಹೇಳಲೇಬೇಕು. ನನ್ನ ಮಗಳ ಶಾಲೆಯಲ್ಲಿಯೂ ವೇಷಕ್ಕೆಂದು ಹಣ ಕೇಳಿದರು, ನಾನು ಕೊಟ್ಟೆ. ಬಂದ ಲಂಗದ ಹೊಲಿಗೆ ಕಿತ್ತಿತ್ತು, ಹಿಂದಿನ ರಾತ್ರಿ ಕುಳಿತು ನಾನೇ ಸರಿಮಾಡಿದೆ. ಆ ತರಗತಿಯ ಪಾಲಕರಲ್ಲಿ ನನ್ನಂತೆ ಹೊಲಿಗೆ ಬಲ್ಲವರು ಕನಿಷ್ಠ ಐದು ಜನ ಇದ್ದೆವು. ಕಡಿಮೆ ಬೆಲೆಯ ಬಟ್ಟೆ ತಂದುಕೊಟ್ಟಿದ್ದರೆ ಇಪ್ಪತ್ತು ಮಕ್ಕಳಿಗೂ ನಾವೇ ಹೊಲಿದುಕೊಡುತ್ತಿದ್ದೆವು, ಅದು ಮುಂದಿನ ವರ್ಷಕ್ಕೂ ಶಾಲೆಯಲ್ಲಿಯೇ ಉಳಿಯುತ್ತಿತ್ತು. ನಮ್ಮನ್ನು ಯಾರೂ ಕೇಳಲಿಲ್ಲ. ಶಾಲೆಯವರು ನಮ್ಮಿಂದ ಹಣವನ್ನು ಮಾತ್ರ ಕೇಳುತ್ತಾರೆ, ಏನು ಕೆಲಸ ಬರುತ್ತದೆ ಎಂದು ಕೇಳುವುದಿಲ್ಲ.

ಶಾಲೆ ಬಿಟ್ಟ ಮೇಲೆ ಚಟುವಟಿಕೆ ಇಡುವ ಯೋಚನೆಯಿದ್ದರೆ ವ್ಯಾನಿನ ಮಕ್ಕಳನ್ನೂ ನೆನಪಿಡಿ. ನಾಲ್ಕೂವರೆಗೆ ವ್ಯಾನು ಹೊರಟರೆ ಅವರು ಹೋಗಲೇಬೇಕು. ನನ್ನ ಮಗ ಕೊಕ್ಕೊ ತಂಡದಿಂದ ಹೊರಗುಳಿದದ್ದು ಆಟ ಬಾರದೆ ಅಲ್ಲ.

ಉತ್ತರ: ಅರಿವು ಕೇಂದ್ರದ ಗ್ರಂಥಾಲಯ ಮೇಲ್ವಿಚಾರಕ, ಕೊಪ್ಪಳ ಜಿಲ್ಲೆ

ಮೇಲಿನ ತಾಯಿಯವರ ಮಾತು ನಮ್ಮ ಕೇಂದ್ರಕ್ಕೂ ಅನ್ವಯಿಸುತ್ತದೆ. ನಮ್ಮನ್ನೂ ಖಾಸಗಿ ಶಾಲೆಯವರು ಕೇಳುವುದಿಲ್ಲ. 2020ರ ನವೆಂಬರಿನಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಮಗು ಯಾವ ಶಾಲೆಯದು ಎಂದು ನಾವು ನೋಡುವುದಿಲ್ಲ. ವಾರಕ್ಕೊಂದು ತರಗತಿಯನ್ನು ಸಾಲಾಗಿ ನಡೆಸಿಕೊಂಡು ಬನ್ನಿ, ಕಥೆ ಓದಿಸುವ ಜವಾಬ್ದಾರಿ ನನ್ನಂಥವರದು. ಹಾಗೆಯೇ ಪಂಚಾಯತಿಯ ಮಕ್ಕಳ ಗ್ರಾಮಸಭೆ ಊರಿನ ಎಲ್ಲ ಮಕ್ಕಳದು. ನಮ್ಮಲ್ಲಿ ಸರ್ಕಾರಿ ಶಾಲೆಯ ಮಕ್ಕಳು ಎದ್ದು ನಿಂತು ಶೌಚಾಲಯದ ನೀರಿನ ಬಗ್ಗೆ, ಬಸ್ಸಿನ ಬಗ್ಗೆ ಕೇಳುವಾಗ ಸಮವಸ್ತ್ರಕ್ಕೆ ಟೈ ಕಟ್ಟಿದ ಒಂದು ಮಗುವೂ ಅಲ್ಲಿ ಕಾಣುವುದಿಲ್ಲ. ಅದೇ ಊರಿನ, ಅದೇ ಬಸ್ಸಿಗೆ ಕಾಯುವ ಮಕ್ಕಳವರು.

ಪ್ರವಾಸಕ್ಕೆ ದೂರ ಹೋಗುವ ಅಗತ್ಯವೂ ನಿಮಗಿಲ್ಲ. ದೇವಾಲಯ ಚಕ್ರವರ್ತಿ ಎಂದು ಶಾಸನವೇ ಹೊಗಳಿರುವ, 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು ಕಟ್ಟಿಸಿದ ಇಟಗಿಯ ಗುಡಿ ಕುಕನೂರಿಗೆ ಹತ್ತಿರದಲ್ಲೇ ಇದೆ. ಒಂದು ದಿನ ಮಕ್ಕಳ ಕೈಗೆ ಅಳತೆ ಪಟ್ಟಿ ಮತ್ತು ನೋಟುಬುಕ್ಕು ಕೊಟ್ಟು ಕಂಬಗಳನ್ನು ಅಳೆದು ಚಿತ್ರ ಬಿಡಿಸಲು ಬಿಡಿ. ಕಿನ್ನಾಳದಲ್ಲಿ ಹಗುರ ಮರದಿಂದ ಗೊಂಬೆ ಕೆತ್ತಿ ಬಣ್ಣ ಹಾಕುವ ಚಿತ್ರಗಾರರ ಮನೆಗಳಿವೆ. ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಪಡೆದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ನಮ್ಮ ಜಿಲ್ಲೆಯ ಮೋರನಾಳದವರೆಂಬುದು ಎಷ್ಟು ಮಕ್ಕಳಿಗೆ ತಿಳಿದಿದೆ? ರಟ್ಟು, ಬಿಳಿ ಪಂಚೆ ಮತ್ತು ಒಂದು ಬಲ್ಬು ಇದ್ದರೆ ಶಾಲೆಯಲ್ಲೇ ನೆರಳಿನ ಆಟ ಆಡಿಸಬಹುದು.

ಪ್ರಶ್ನೆ ಕೇಳಿದ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಬಳ್ಳಾರಿಯ ಅಕ್ಕನವರ ಮಾತನ್ನು ಶನಿವಾರದ ಶಿಕ್ಷಕರ ಸಭೆಯಲ್ಲಿ ಹಾಗೆಯೇ ಓದಿ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಈ ವಾರ ಪಾಲಕರಿಗೆ ಒಂದು ಪತ್ರ ಕಳುಹಿಸುತ್ತಿದ್ದೇವೆ. ಹೊಲಿಗೆ, ಬಡಿಗತನ, ಡೊಳ್ಳು, ಹಾಡು, ಬಿತ್ತನೆ, ಅಡುಗೆ ಇವುಗಳಲ್ಲಿ ತಮಗೆ ಯಾವುದು ಬರುತ್ತದೆ, ಯಾವ ಶನಿವಾರ ಬಂದು ಮಕ್ಕಳಿಗೆ ತೋರಿಸಬಲ್ಲಿರಿ ಎಂಬುದಷ್ಟೇ ಅದರಲ್ಲಿದೆ, ಹಣದ ಮಾತಿಲ್ಲ. ಗ್ಯಾದರಿಂಗ್ ಉಳಿಯುತ್ತದೆ, ಬಾಡಿಗೆ ವೇಷ ಇರುವುದಿಲ್ಲ. ನೃತ್ಯ ಕಲಿಸುವವರಿಗೆ ಮುಂಗಡ ಕೊಟ್ಟಾಗಿರುವುದರಿಂದ ಈ ವರ್ಷ ಎರಡು ನೃತ್ಯಗಳನ್ನು ಅವರಿಗೇ ಬಿಟ್ಟುಕೊಡಬೇಕೆಂದು ಮಂಡಳಿ ಹೇಳಿದೆ, ಒಪ್ಪಿಕೊಂಡಿದ್ದೇನೆ.

ಸಿಂಧನೂರಿನ ಸರ್ ಅವರಲ್ಲಿ ಒಂದು ವಿಚಾರ ಕೇಳುವುದಿದೆ. ಶನಿವಾರ ಬೆಳಗಿನ ಶಾಲೆಯಾದ್ದರಿಂದ ನಮ್ಮ ವ್ಯಾನು ಹನ್ನೊಂದೂವರೆಗೇ ಹೊರಡುತ್ತದೆ. ತಾವು ಚಟುವಟಿಕೆಯನ್ನು ಮೊದಲ ಅವಧಿಗಳಲ್ಲಿ ಇಟ್ಟಿದ್ದೀರೋ ಅಥವಾ ವ್ಯಾನಿನ ಸಮಯವನ್ನೇ ಮುಂದಕ್ಕೆ ಹಾಕಿಸಿದ್ದೀರೋ?