ನಿಯಂತ್ರಣ ಬಿಲ್ಲೆಯ ಸುತ್ತಲೂ ರಕ್ತನಾಳಗಳು ನೆರೆಯುತ್ತಿವೆ, ಕಾರಣವೇನು?

ಪ್ರಶ್ನೆ (ಪ್ರಾಣಿಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ)

ಕೋಳಿಯ ಭ್ರೂಣದ ಕೋರಿಯೋ-ಅಲಾಂಟಾಯಿಕ್ ಪೊರೆಯಲ್ಲಿ (ಚಿಪ್ಪಿನ ಒಳಗೆ ಭ್ರೂಣದ ಉಸಿರಾಟಕ್ಕೆ ನೆರವಾಗುವ, ನಾಳಗಳು ತುಂಬಿದ ಪೊರೆ) ಹೊಸ ರಕ್ತನಾಳಗಳು ಕವಲೊಡೆಯುವುದನ್ನು ಅಳೆಯುತ್ತಿದ್ದೇನೆ. ಗದಗದ ಕೋಳಿಫಾರ್ಮಿನಿಂದ ತಂದ ಫಲಿತ ಮೊಟ್ಟೆಗಳನ್ನು 37.5 ಡಿಗ್ರಿಯಲ್ಲಿ ಕಾವಿಗಿಟ್ಟು, ಎಂಟನೆಯ ದಿನ ಚಿಪ್ಪಿನಲ್ಲಿ ಕಿಟಕಿ ಕೊರೆದು, ವಿಇಜಿಎಫ್ (ರಕ್ತನಾಳಗಳನ್ನು ಬೆಳೆಸುವ ಪ್ರೋಟೀನು) ಹೀರಿಸಿದ ಫಿಲ್ಟರ್ ಪೇಪರಿನ ಬಿಲ್ಲೆಯನ್ನೂ, ಹೋಲಿಸಲು ಲವಣದ್ರಾವಣವಷ್ಟೇ ಹೀರಿಸಿದ ನಿಯಂತ್ರಣ ಬಿಲ್ಲೆಯನ್ನೂ ಪೊರೆಯ ಮೇಲಿರಿಸಿದೆ. ಮೂರು ದಿನಗಳ ಬಳಿಕ ನೋಡಿದರೆ, ಬರಿಯ ಲವಣದ್ರಾವಣದ ಬಿಲ್ಲೆಯ ಸುತ್ತಲೂ ಚಕ್ಕಡಿ ಗಾಲಿಯ ಅರಗಳಂತೆ ನಾಳಗಳು ನೆರೆದಿವೆ. ಎರಡು ಬಿಲ್ಲೆಗಳ ನಡುವೆ ವ್ಯತ್ಯಾಸವೇ ಕಾಣುತ್ತಿಲ್ಲ. ವಿಇಜಿಎಫ್ ಕೆಟ್ಟಿರಬಹುದೇ?

ಉತ್ತರ (ನಿವೃತ್ತ ಪ್ರಾಧ್ಯಾಪಕ, ಹುಬ್ಬಳ್ಳಿ)

ಕೆಟ್ಟಿರಲೂಬಹುದು, ಆದರೆ ಅದನ್ನು ದೂರುವ ಮೊದಲು ಒಂದು ಮಾತು ಹೇಳಿ. ಕಿಟಕಿ ಕೊರೆದಾಗ ಪೊರೆಯ ಮೇಲೆ ಬಿಳಿ ಪುಡಿ ಬಿದ್ದಿತ್ತೇ?

ಪ್ರಶ್ನೆ ಕೇಳಿದವರು

ಹೌದು ಸರ್, ಸಣ್ಣ ಡ್ರಿಲ್ಲಿನಿಂದ ಕೊರೆದಿದ್ದೆ. ಬಿಲ್ಲೆಯ ಅಂಚಿನಲ್ಲಿ ಸುಣ್ಣದಂತಹ ಕಣಗಳು ಇದ್ದವು.

ಉತ್ತರ (ಹುಬ್ಬಳ್ಳಿ)

ಹಾಗಾದರೆ ನಿಮ್ಮ ನಿಯಂತ್ರಣ ಬಿಲ್ಲೆ ನಿಯಂತ್ರಣವಾಗಿ ಉಳಿದಿಲ್ಲ. ಚಿಪ್ಪಿನ ಕಣಗಳು ಪೊರೆಯನ್ನು ಕೆರಳಿಸಿ ಉರಿಯೂತ ತರುತ್ತವೆ. ಅಲ್ಲಿಗೆ ಧಾವಿಸುವ ಕೋಶಗಳು ತಾವೇ ವಿಇಜಿಎಫ್ ಸ್ರವಿಸುತ್ತವೆ. ಅದು ನಾಳಗಳ ಒಳಪದರದ ಕೋಶಗಳ ಮೇಲಿರುವ ವಿಇಜಿಎಫ್ ಗ್ರಾಹಕ-2ಕ್ಕೆ (ಅದನ್ನು ಹಿಡಿದುಕೊಳ್ಳುವ ಪ್ರೋಟೀನಿಗೆ) ಅಂಟಿಕೊಂಡು ಅವುಗಳನ್ನು ವಿಭಜನೆಗೂ ವಲಸೆಗೂ ಹಚ್ಚುತ್ತದೆ. ಕೊರೆದ ಮೇಲೆ ಪೊರೆ ಕುಗ್ಗಿದರೆ ಹಳೆಯ ನಾಳಗಳೇ ಒತ್ತಟ್ಟಿಗೆ ಸರಿದು ಅರಗಳಂತೆ ಕಾಣುವುದೂ ಉಂಟು, ಆದ್ದರಿಂದ ಬಿಲ್ಲೆ ಇಟ್ಟ ದಿನವೇ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ.

ಕಾವಿಗಿಟ್ಟ ಮೂರನೆಯ ದಿನವೇ ಸಿರಿಂಜಿನಿಂದ 2-3 ಮಿಲಿಲೀಟರ್ ಬಿಳಿ ಲೋಳೆ ತೆಗೆದರೆ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಗ ಟೇಪು ಅಂಟಿಸಿದ ಚಿಪ್ಪನ್ನು ಕತ್ತರಿಯಿಂದ ಕತ್ತರಿಸಿ, ಪುಡಿ ಬೀಳುವುದು ಕಡಿಮೆ. ಬಿಲ್ಲೆಯನ್ನು ಹತ್ತನೆಯ ದಿನ ಇಡಿ; ಅಲ್ಲಿಯವರೆಗೆ ಪೊರೆಯ ನಾಳಗಳು ತಾವಾಗಿಯೇ ಭರದಿಂದ ಬೆಳೆಯುತ್ತವೆ, ಬಳಿಕ ಆ ವೇಗ ತಟ್ಟನೆ ಇಳಿಯುತ್ತದೆ. ನಿಮ್ಮ ಎಣಿಕೆಯಲ್ಲಿ ಈ ಸಹಜ ಬೆಳವಣಿಗೆಯೂ ಸೇರಿಕೊಂಡಿದೆ. ಅಂದಹಾಗೆ, ಏಪ್ರಿಲ್ ಬಿಸಿಲಿನಲ್ಲಿ ಗದಗದಿಂದ ಬಂದ ಮೊಟ್ಟೆಗಳು ಕಾವಿಗಿಡುವ ಮೊದಲೇ ಬೆಳೆಯತೊಡಗಿರುತ್ತವೆ. ಗಂಟೆಗಳನ್ನು ನಂಬದೆ, 1951ರಲ್ಲಿ ಭ್ರೂಣಶಾಸ್ತ್ರಜ್ಞರಾದ ಹ್ಯಾಂಬರ್ಗರ್ ಮತ್ತು ಹ್ಯಾಮಿಲ್ಟನ್ ದೇಹರಚನೆಯ ಆಧಾರದಲ್ಲಿ ಗುರುತಿಸಿದ ಹಂತಗಳಿಂದ ಭ್ರೂಣದ ವಯಸ್ಸನ್ನು ನಿರ್ಧರಿಸಿ.

ಪ್ರಶ್ನೆ ಕೇಳಿದವರು (ಮೂರು ವಾರಗಳ ಬಳಿಕ)

ಸರ್, ಹೊಸ ಸುತ್ತಿನಲ್ಲಿ ಲವಣದ್ರಾವಣದ ಬಿಲ್ಲೆ ಸುಮ್ಮನಿದೆ. ಬೇಸರವೆಂದರೆ ವಿಇಜಿಎಫ್ ಬಿಲ್ಲೆಯೂ ಅಷ್ಟೇ ಸುಮ್ಮನಿದೆ. ವಿಚಾರಿಸಿದಾಗ, ಆ ಸೀಸೆಯನ್ನು ನಾಲ್ಕು ಸಲ ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದ್ದರೆಂದು ತಿಳಿಯಿತು.

ಉತ್ತರ (ಹುಬ್ಬಳ್ಳಿ)

ಪದೇ ಪದೇ ಕರಗಿಸಿ ಹೆಪ್ಪುಗಟ್ಟಿಸಿದರೆ ವಿಇಜಿಎಫ್ ಕೆಡುತ್ತದೆ. ಅಂದರೆ ಚಿಪ್ಪಿನ ಪುಡಿ, ಕೆಟ್ಟ ವಿಇಜಿಎಫ್ ಎಂದು ದೋಷಗಳು ಎರಡಿದ್ದವು, ಒಂದು ಇನ್ನೊಂದನ್ನು ಮುಚ್ಚಿಟ್ಟಿತ್ತು. ಹೊಸ ಸೀಸೆ ಬಂದ ದಿನವೇ ಅದನ್ನು ಒಂದೊಂದು ಪ್ರಯೋಗಕ್ಕೆ ಸಾಕಾಗುವಷ್ಟು ಪುಟ್ಟ ಕೊಳವೆಗಳಿಗೆ ಹಂಚಿ, ಮೈನಸ್ 80 ಡಿಗ್ರಿಯಲ್ಲಿಡಿ. ಕರಗಿಸಿದ ಕೊಳವೆಯನ್ನು ಮತ್ತೆ ಒಳಗಿಡಬೇಡಿ.