ಹೊಗಳಿದಷ್ಟೂ ಕುಗ್ಗುವ ವೈದ್ಯ ವಿದ್ಯಾರ್ಥಿನಿಗೆ ಏನು ಹೇಳಬೇಕು?

ಪ್ರಶ್ನೆ: ಶರೀರಕ್ರಿಯಾಶಾಸ್ತ್ರದ ಅಧ್ಯಾಪಕಿ

ನನ್ನ ಮಾರ್ಗದರ್ಶನದಲ್ಲಿರುವ ಎಂಬಿಬಿಎಸ್ ಎರಡನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ನೀಟ್‌ನಲ್ಲಿ ಒಳ್ಳೆಯ ರ‍್ಯಾಂಕ್ ಪಡೆದು, ಮೊದಲ ವರ್ಷದ ಮೂರೂ ವಿಷಯಗಳಲ್ಲಿ ಡಿಸ್ಟಿಂಕ್ಷನ್ ಗಳಿಸಿದವಳು. ಆದರೂ ವೈವಾ (ಮೌಖಿಕ ಪರೀಕ್ಷೆ) ಹತ್ತಿರ ಬಂದಾಗಲೆಲ್ಲ, "ಇಷ್ಟು ದಿನ ಹೇಗೋ ನಡೆದುಹೋಯಿತು ಮೇಡಂ, ಈ ಸಲ ನನ್ನ ಬಂಡವಾಳ ಎಲ್ಲರಿಗೂ ಗೊತ್ತಾಗಿಬಿಡುತ್ತದೆ" ಎಂದು ಅಳುತ್ತಾಳೆ. ಅಂಕಪಟ್ಟಿ ಮುಂದಿಟ್ಟು ಸಮಾಧಾನ ಹೇಳಿದರೆ, ಪ್ರಶ್ನೆಪತ್ರಿಕೆ ಸುಲಭವಾಗಿತ್ತು ಎನ್ನುತ್ತಾಳೆ. ನಾನು ಹೊಗಳಿದಷ್ಟೂ ಅವಳು ಕುಗ್ಗುತ್ತಿರುವಂತೆ ಕಾಣುತ್ತದೆ. ಇಂಥವರೊಂದಿಗೆ ಹೇಗೆ ಮಾತನಾಡಬೇಕು?

ಉತ್ತರ 1: ಆಪ್ತಸಮಾಲೋಚಕ

ಅಮೆರಿಕದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್, 150ಕ್ಕೂ ಹೆಚ್ಚು ಸಾಧಕ ಮಹಿಳೆಯರೊಂದಿಗಿನ ಒಡನಾಟದ ಆಧಾರದ ಮೇಲೆ, 1978ರಲ್ಲಿ ಈ ಅನುಭವವನ್ನು ‘ಇಂಪಾಸ್ಟರ್ ಫಿನಾಮಿನನ್’ (ಅರ್ಹತೆಯಿದ್ದರೂ ತಾನು ವಂಚಕಿ, ಒಂದು ದಿನ ಸಿಕ್ಕಿಬೀಳುತ್ತೇನೆ ಎಂಬ ಭಾವನೆ) ಎಂದು ಕರೆದರು. ಇಂಥವರು ಪರೀಕ್ಷೆ ಎದುರಾದಾಗ ಭಯದಿಂದ ಹಗಲುರಾತ್ರಿ ಓದುತ್ತಾರೆ. ಗೆದ್ದ ಮೇಲೆ ಆ ಗೆಲುವನ್ನು ವಿಪರೀತ ಶ್ರಮದ ಲೆಕ್ಕಕ್ಕೋ ಅದೃಷ್ಟದ ಲೆಕ್ಕಕ್ಕೋ ಬರೆದುಬಿಡುವುದರಿಂದ, ಸಾಮರ್ಥ್ಯದ ಖಾತೆಗೆ ಏನೂ ಜಮೆಯಾಗುವುದಿಲ್ಲ. "ನೀನು ಜಾಣೆ" ಎಂದರೆ, ತಾನು ನಿಮ್ಮನ್ನೂ ನಂಬಿಸಿ ಮೋಸ ಮಾಡಿದೆನೆಂದೇ ಅವಳಿಗೆ ಅನ್ನಿಸುತ್ತದೆ. ಅದರ ಬದಲು ನೀವು ಕಣ್ಣಾರೆ ಕಂಡ ಕೆಲಸವೊಂದನ್ನು ಹೇಳಿ. "ರಕ್ತದೊತ್ತಡ ಅಳೆಯುವಾಗ ಪಟ್ಟಿ ಸಡಿಲವಾಗಿದ್ದುದನ್ನು ನೀನೇ ಗಮನಿಸಿ ಮತ್ತೆ ಕಟ್ಟಿದೆ" ಎಂಬ ಮಾತನ್ನು ಅದೃಷ್ಟದ ಮೇಲೆ ಹಾಕುವುದು ಅವಳಿಗೆ ಕಷ್ಟ.

ಕ್ಲಾನ್ಸ್ ಮತ್ತು ಐಮ್ಸ್ ಗುಂಪಿನಲ್ಲಿ ಮಾತನಾಡಿಸುವುದಕ್ಕೆ ವಿಶೇಷ ಒತ್ತು ಕೊಟ್ಟಿದ್ದರು. ತನಗಿಂತ ಬುದ್ಧಿವಂತೆ ಎಂದುಕೊಂಡವಳೂ ಇದೇ ಭಯವನ್ನು ಹೇಳಿಕೊಂಡಾಗ ಮನಸ್ಸು ಸಡಿಲವಾಗುವಷ್ಟು ನಮ್ಮ ಉಪದೇಶದಿಂದ ಆಗುವುದಿಲ್ಲ. ಇಂಪಾಸ್ಟರ್ ಫಿನಾಮಿನನ್ ಎಂಬುದು ರೋಗನಿರ್ಣಯದ ಹೆಸರಲ್ಲ. ದಯವಿಟ್ಟು ಅವಳಿಗೆ ಹಣೆಪಟ್ಟಿ ಹಚ್ಚಬೇಡಿ.

ಉತ್ತರ 2: ಇಂಟರ್ನ್‌ಶಿಪ್ ಮುಗಿಸಿದ ವೈದ್ಯ

ನಾನೂ ಕನ್ನಡ ಮಾಧ್ಯಮದಿಂದ ಬಂದವನು. ಕೇಸ್ ಪ್ರೆಸೆಂಟೇಷನ್‌ನಲ್ಲಿ ಇಂಗ್ಲಿಷ್ ತಡವರಿಸಿದಾಗಲೆಲ್ಲ ನನಗೆ ವೈದ್ಯಕೀಯವೇ ಬರುವುದಿಲ್ಲವೆಂದು ನಂಬಿದ್ದೆ. ಭಾಷೆಯ ತೊಡಕು ಬೇರೆ, ತಿಳಿವಳಿಕೆಯ ಕೊರತೆ ಬೇರೆ ಎಂದು ಯಾರಾದರೂ ಮೊದಲ ವರ್ಷದಲ್ಲೇ ಬಿಡಿಸಿ ಹೇಳಿದ್ದರೆ ಎಷ್ಟೋ ರಾತ್ರಿಗಳ ಸಂಕಟ ತಪ್ಪುತ್ತಿತ್ತು. "ಎದೆ ಹಿಡಿದ ಹಾಗಾಗುತ್ತೆ" ಎಂದ ಅಜ್ಜಿಯನ್ನು ಅವರದೇ ಮಾತಿನಲ್ಲಿ ವಿಚಾರಿಸಿ ಪೂರ್ತಿ ಹಿಸ್ಟರಿ (ಕಾಯಿಲೆಯ ಹಿನ್ನೆಲೆ) ಪಡೆದ ದಿನ, ನಮ್ಮ ಘಟಕದ ಮುಖ್ಯಸ್ಥರು ಅದನ್ನೇ ಎಲ್ಲರೆದುರು ಓದಿಸಿದರು. ಅಂದಿನ ವಾರ್ಡ್ ಸುತ್ತಿನಲ್ಲೇ ನಾನು ಕೇಳಿದ ಪ್ರಶ್ನೆಯೊಂದಕ್ಕೆ, "ನನಗೂ ತಿಳಿಯದು, ಓದಿಕೊಂಡು ನಾಳೆ ಹೇಳುತ್ತೇನೆ" ಎಂದು, ಮರುದಿನ ನೆನಪಿಟ್ಟು ಹೇಳಿದರು. ಗೊತ್ತಿಲ್ಲ ಎನ್ನುವುದು ವಂಚಕನ ಗುರುತಲ್ಲವೆಂದು ನಾನು ಕಲಿತದ್ದು ಅಲ್ಲಿಂದಲೇ.

ಒಂದು ಎಚ್ಚರಿಕೆ ಇರಲಿ. ಕ್ಯಾನುಲಾ (ರಕ್ತನಾಳಕ್ಕೆ ಸೇರಿಸುವ ಸಣ್ಣ ಕೊಳವೆ) ಹಾಕಲು ನಿಜವಾಗಿಯೂ ಬಾರದಿದ್ದಾಗ ಧೈರ್ಯದ ಮಾತು ಸಾಲದು. ಪಕ್ಕದಲ್ಲಿ ನಿಂತು ಮತ್ತೆ ಮತ್ತೆ ಮಾಡಿಸಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅವಳು ಈಚೆಗೆ ಸರಿಯಾಗಿ ನಿದ್ರಿಸುತ್ತಿಲ್ಲ, ಊಟವನ್ನೂ ಬಿಡುತ್ತಿದ್ದಾಳೆ. ಇದನ್ನೂ ಗುಂಪಿನ ಮಾತುಕತೆಗೇ ಬಿಡಬಹುದೇ?

ಆಪ್ತಸಮಾಲೋಚಕ

ಬೇಡ. ಮೊದಲು ಅವಳೊಬ್ಬಳನ್ನೇ ಕೂರಿಸಿಕೊಂಡು ಮಾತನಾಡಿ, ಬದುಕೇ ಬೇಡವೆನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆಯನ್ನು ಹುಟ್ಟಿಸಿದಂತಾಗುವುದಿಲ್ಲ. ಹೌದೆಂದರೆ ಒಂಟಿಯಾಗಿ ಬಿಡದೆ, ಅಂದೇ ಮನೋವೈದ್ಯರ ಬಳಿಗೆ ನೀವೇ ಜೊತೆಯಲ್ಲಿ ಹೋಗಿ. ಇಲ್ಲವೆಂದರೂ ಖಿನ್ನತೆ ಇದೆಯೇ ಎಂದು ಈ ವಾರದಲ್ಲೇ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಅವಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಪ್ರಶ್ನೆ ಕೇಳಿದವರು

ಇಂದು ಸಂಜೆಯೇ ಅವಳನ್ನು ಭೇಟಿಯಾಗುತ್ತೇನೆ.